1917ರ ಪಿಸ್ತೂಲಿಗೆ ಯಾರ ಬ್ಯಾರೆಲ್? ಒಂದು ಪ್ರಕರಣ ಅಧ್ಯಯನ

ಪಿಸ್ತೂಲಿನ ಮೇಲೆ ಎರಡು ಇಸವಿ ಇದ್ದವು. ಚೇಂಬರಿನ, ಅಂದರೆ ಗುಂಡು ಕೂರುವ ಗೂಡಿನ, ನೆತ್ತಿಯಲ್ಲಿ 1917. ಅದರ ಪಕ್ಕದ ಇಕ್ಕಟ್ಟಿನಲ್ಲಿ, ತಡವಾಗಿ ಬಂದವನು ಬಸ್ಸಿನ ಸೀಟಿನಲ್ಲಿ ಒಂಚೂರು ಸರಿಸಿ ಕೂತ ಹಾಗೆ, 1920. ಪಿಸ್ತೂಲಿನ ಬೆನ್ನ ಮೇಲೆ ಮಡಿಚಿ ಏಳುವ ಕೀಲಿನ (ಟಾಗಲ್) ಮೇಲೆ ಡಿ, ಡಬ್ಲ್ಯೂ, ಎಂ ಅಕ್ಷರಗಳನ್ನು ಬಳ್ಳಿಯಂತೆ ಹೆಣೆದ ಲಾಂಛನ. ಅಂದರೆ ಬರ್ಲಿನ್ನಿನ ಡಾಯ್ಚ ವಾಫೆನ್ ಉಂಡ್ ಮ್ಯುನಿಟ್ಸಿಯೋನ್ಸ್‌ಫಾಬ್ರಿಕೆನ್ ಕಾರ್ಖಾನೆಯ ಪಿ.08, ಊರಿನವರ ಬಾಯಲ್ಲಿ ಲೂಗರ್. ಬ್ಯಾರೆಲ್ ನಾಲ್ಕು ಇಂಚಿಗೆ ಕೂದಲೆಳೆ ಕಡಿಮೆ.

ಇದು ನನ್ನದಲ್ಲ. ಅಮೆರಿಕದ ಒಹಾಯೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಎಂಬತ್ತು ದಾಟಿದ ನಿವೃತ್ತ ಮೇಷ್ಟರಮ್ಮನದು. ಅವರ ತಾತ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದವರು. 1918ರ ಶರತ್ಕಾಲದಲ್ಲಿ ಆರ್ಗಾನ್ ಕಾಡಿನ ಕಾಳಗದಲ್ಲಿ ಜರ್ಮನ್ ಅಧಿಕಾರಿಯೊಬ್ಬನಿಂದ ಕಿತ್ತುಕೊಂಡು ತಂದ ಪಿಸ್ತೂಲು ಎಂಬುದು ಮನೆಯ ಕತೆ. ತಾತನ ಸಮವಸ್ತ್ರದ ಫೋಟೋ ಗೋಡೆಯ ಮೇಲೆ, ಪಿಸ್ತೂಲು ಅದರ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ.

ಮನೆ ಚಿಕ್ಕದು ಮಾಡಿಕೊಳ್ಳಬೇಕೆಂದು ಹೊರಟಾಗ ಹಳೇ ಬಂದೂಕುಗಳ ವ್ಯಾಪಾರಿಯೊಬ್ಬನನ್ನು ಕರೆಸಿದರಂತೆ. ಅವನು ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿ, "ಬ್ಯಾರೆಲ್ ಬದಲಾಗಿದೆ. ಬೇರೆ ಪಿಸ್ತೂಲಿನದು ತಂದು ಹಾಕಿ, ನಂಬರ್ ಹೊಂದಿಸಿ ಮೋಸ ಮಾಡಿದ್ದಾರೆ" ಎಂದು ಅರ್ಧ ಬೆಲೆ ಹೇಳಿ ಹೋದ. ಆಕೆಗೆ ಹಣದ ಚಿಂತೆಗಿಂತ ಆ 'ಮೋಸ' ಅನ್ನುವ ಮಾತು ಚುಚ್ಚಿತ್ತು. ತಾತನ ಮೇಲೆ ಬಂದ ಆಪಾದನೆ ಅಂತ ಅವರಿಗೆ ಅನ್ನಿಸಿತ್ತು.

ನಾನು ಬಂದೂಕು ಪರಿಣತನಲ್ಲ. ನನ್ನ ಕಸುಬು ಅಳತೆ. ಗೇಜು, ಮೈಕ್ರೋಮೀಟರ್, ಒಂದು ಭಾಗ ಇನ್ನೊಂದಕ್ಕೆ ಕೂರುತ್ತದೋ ಇಲ್ಲವೋ ಅನ್ನುವ ತಗಾದೆ. ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಪಾಸಾದ ಭಾಗಕ್ಕೆ ಪಂಚ್ ಹೊಡೆಯುವ ಅವರ ಕೆಲಸ ನೋಡುತ್ತ ಬೆಳೆದೆ. ಹಳೇ ಜರ್ಮನ್ ಪಿಸ್ತೂಲುಗಳ ಗೀಳು ಹತ್ತಿದ್ದೂ ಅದರಿಂದಲೇ. ಅವುಗಳ ಮೈತುಂಬ ಇನ್‌ಸ್ಪೆಕ್ಟರ್‌ಗಳ ಪಂಚ್ ಗುರುತು. ಯಾರು ನೋಡಿದರು, ಯಾವಾಗ ನೋಡಿದರು, ಯಾವ ಅಳತೆಗೆ ಒಪ್ಪಿದರು ಎಂಬುದು ಲೋಹದ ಮೇಲೇ ಇರುತ್ತದೆ.

"ರೀ, ಅದನ್ನ ಮನೆಯೊಳಗೆ ಮಾತ್ರ ತರಬೇಡಿ" ಅಂದಳು ಹೆಂಡತಿ. ಹಾಗಾಗಿ ಎಲ್ಲ ಕೆಲಸವೂ ಆಕೆಯ ಊಟದ ಮೇಜಿನ ಮೇಲೆ, ಹಳೇ ಟವೆಲ್ ಹಾಸಿಕೊಂಡು ನಡೆಯಿತು. ಅದಕ್ಕೂ ಮೊದಲು ಊರಿನ ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಒಯ್ದು, ಗುಂಡಿಲ್ಲವೆಂದು ಖಾತ್ರಿ ಮಾಡಿಸಿ, ಬಿಡಿಭಾಗವಾಗಿ ಬಿಚ್ಚಿಸಿದ್ದಾಯಿತು. ಬ್ಯಾರೆಲನ್ನು ರಿಸೀವರಿನಿಂದ, ಅಂದರೆ ಅದು ಕೂರುವ ಮೇಲಿನ ಉಕ್ಕಿನ ಭಾಗದಿಂದ, ತಿರುಚಿ ತೆಗೆಯಲು ನಾನು ಒಪ್ಪಲಿಲ್ಲ. ತೆಗೆದರೆ ನೋಡಬೇಕಾದ ಸಾಕ್ಷಿಯೇ ಕೆಡುತ್ತದೆ. (ನಮ್ಮ ದೇಶದಲ್ಲಿ 9 ಮಿ.ಮೀ. ನಿಷೇಧಿತ ಬೋರ್. ಅಟ್ಟದ ಮೇಲೆ ಇಂಥದ್ದು ಸಿಕ್ಕಿದರೆ ಮುಟ್ಟಲು ಹೋಗಬೇಡಿ, ಪೊಲೀಸ್ ಠಾಣೆಗೆ ತಿಳಿಸಿ.)

ಲೂಗರಿನ ಬ್ಯಾರೆಲ್ ಅಂದರೆ

ಬೇರೆ ಜರ್ಮನ್ ಪಿಸ್ತೂಲುಗಳ ಪಕ್ಕದಲ್ಲಿಟ್ಟರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮೌಸರ್ ಸಿ96ರಲ್ಲಿ ಬ್ಯಾರೆಲ್ಲೂ ಅದರ ಹಿಂದಿನ ಚೌಕಟ್ಟೂ ಒಂದೇ ಉಕ್ಕಿನ ತುಂಡು. ಬದಲಿಸುವ ಮಾತೇ ಇಲ್ಲ. ಸವೆದರೆ ಒಳಗೆ ಹೊಸ ಕೊಳವೆ ಸೇರಿಸಬೇಕು. ವಾಲ್ಥರ್ ಪಿ38ರಲ್ಲಿ ಇದಕ್ಕೆ ತದ್ವಿರುದ್ಧ. ಬ್ಯಾರೆಲ್ ಜಾರಿಕೊಂಡು ಹೊರಬರುತ್ತದೆ, ಎರಡು ನಿಮಿಷದಲ್ಲಿ ಅದಲುಬದಲು ಮಾಡಬಹುದು. ಅಲ್ಲಿ ಬ್ಯಾರೆಲ್ ನಂಬರ್ ಬೇರೆಯಾಗಿದ್ದರೆ ಯಾರೋ ಸೈನಿಕರು ಶುಚಿ ಮಾಡುವಾಗ ಅದಲುಬದಲಾಗಿರಲೂಬಹುದು, ಹೆಚ್ಚು ಅರ್ಥ ಹುಡುಕಬೇಕಾಗಿಲ್ಲ.

ಲೂಗರ್ ಇವೆರಡರ ನಡುವೆ. ಬ್ಯಾರೆಲ್ ರಿಸೀವರಿಗೆ ಸ್ಕ್ರೂವಿನ ಹಾಗೆ, ಭಾರೀ ಬಿಗಿಯಾಗಿ ತಿರುಚಿಕೊಂಡಿರುತ್ತದೆ. ತೆಗೆಯಬಹುದು, ಆದರೆ ಅಡ್ಡದಾರಿಯಲ್ಲಿ ಆಗುವ ಕೆಲಸವಲ್ಲ. ಹಿಡಿಕಟ್ಟು, ಉದ್ದ ಹಿಡಿಯ ಪಾನಾ, ಕಸುಬು ಬಲ್ಲ ಕೈ ಬೇಕು. ಹೊಸದನ್ನು ಕೂರಿಸುವಾಗ ಬಿಗಿ ಬಂದ ಜಾಗದಲ್ಲೇ ತುದಿಯ ಗುರಿಮುಳ್ಳು ನೆಟ್ಟಗೆ ನಿಲ್ಲಬೇಕು. ಇಲ್ಲದಿದ್ದರೆ ಬ್ಯಾರೆಲ್ಲಿನ ಕಂಠವನ್ನು ತುಸು ಕೆರೆದು ಮತ್ತೆ ಹಾಕಬೇಕು. ಹೊಂದಿದ ಮೇಲೆ, ಬ್ಯಾರೆಲ್ ಕಂಠ ಮತ್ತು ರಿಸೀವರ್ ಕೂಡುವ ಕಡೆ ಅಡ್ಡಲಾಗಿ ಎರಡಕ್ಕೂ ಸೇರಿಸಿ ಉಳಿಯಿಂದ ಒಂದು ಗೆರೆ. ಮುಂದೆ ಯಾವಾಗಲಾದರೂ ಬ್ಯಾರೆಲ್ ಅಲುಗಿದೆಯೇ ಅಂತ ನೋಡಲು ಅದೇ ಗುರುತು. ಒಂದೇ ಏಟಿನಲ್ಲಿ ಬಿದ್ದ ಗೆರೆ, ಹಾಗಾಗಿ ಎರಡೂ ಅರ್ಧಗಳ ಅಗಲ, ಆಳ, ಓರೆ ಒಂದೇ ಇರುತ್ತವೆ.

ಇನ್ನು ನಂಬರ್. ಸೈನ್ಯದ ಲೂಗರಿನಲ್ಲಿ ಸೀರಿಯಲ್ ನಂಬರ್ ಫ್ರೇಮಿನ (ಹಿಡಿಯಿರುವ ಕೆಳಚೌಕಟ್ಟಿನ) ಮುಂಭಾಗದಲ್ಲಿ, ರಿಸೀವರಿನ ಎಡಬದಿಯಲ್ಲಿ, ಬ್ಯಾರೆಲಿನ ಅಡಿಯಲ್ಲಿ ಇರುತ್ತದೆ. ಸಣ್ಣ ಭಾಗಗಳ ಮೇಲೆ ಕೊನೆಯ ಎರಡು ಅಂಕೆ. ಹತ್ತು ಸಾವಿರ ಮುಟ್ಟಿದರೆ ಮತ್ತೆ ಒಂದರಿಂದ, ಜೊತೆಗೊಂದು ಬಾಲಾಕ್ಷರ. ವರ್ಷ ಬದಲಾದರೆ ಎಣಿಕೆ ಮತ್ತೆ ಮೊದಲಿಂದ. ಹೀಗಾಗಿ ಇಸವಿ ಬಿಟ್ಟು ನಂಬರೊಂದನ್ನೇ ಹಿಡಿದು ಯಾರಾದರೂ ಪಿಸ್ತೂಲಿನ ಜಾತಕ ಹೇಳಿದರೆ ನಂಬಬೇಡಿ.

ವ್ಯಾಪಾರಿಯ ಮೂರು ಕಾರಣ

ಅವನು ಆಕೆಗೆ ಹೇಳಿದ್ದು ಮೂರು ಮಾತು. ಬ್ಯಾರೆಲ್ ಅಡಿಯಲ್ಲಿ ಪಿಸ್ತೂಲಿನ ನಂಬರಿನ ಜೊತೆಗೆ 883 ಅಂತ ಇನ್ನೊಂದು ನಂಬರಿದೆ, ಅದೇ ಬ್ಯಾರೆಲ್ಲಿನ ನಿಜವಾದ ನಂಬರ್. ಹೊಂದುವ ನಂಬರಿನ ಅಂಕೆಗಳ ಅಚ್ಚು ಫ್ರೇಮಿನ ಅಂಕೆಗಳ ಹಾಗಿಲ್ಲ, ಆದ್ದರಿಂದ ಆಮೇಲೆ ಹೊಡೆದದ್ದು. ರಿಸೀವರಿನ ಮೇಲಿರುವ ಕಿರೀಟದ ಮುದ್ರೆಗಳು ಬ್ಯಾರೆಲ್ ಮೇಲಿಲ್ಲ.

883 ನೋಡಿ ನನಗೆ ನಗು ಬಂತು. ಹತ್ತಿಯ ತುದಿಗೆ ಎಣ್ಣೆ ಹಚ್ಚಿ ನಿಧಾನಕ್ಕೆ ಉಜ್ಜಿದೆ. ಮೊದಲ 8ರ ನಂತರ ತುಕ್ಕು ತುಂಬಿ ಮುಚ್ಚಿಹೋಗಿದ್ದ ಒಂದು ಚುಕ್ಕೆಬಾಲ ಮೇಲೆದ್ದಿತು. 8,83. ಜರ್ಮನ್ನರು ದಶಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ ಬರೆಯುತ್ತಾರೆ. ಅದು ಯಾವ ಪಿಸ್ತೂಲಿನ ನಂಬರೂ ಅಲ್ಲ. ಬ್ಯಾರೆಲ್ಲಿನ ಒಳವ್ಯಾಸ, ಮಿಲಿಮೀಟರಿನಲ್ಲಿ. ಒಳಗಿನ ಆರು ಸುರುಳಿ ತೋಡುಗಳ ನಡುವಿನ ಏರುದಿಣ್ಣೆಗಳ ಮಧ್ಯದ ಅಂತರ. ಕಾರ್ಖಾನೆಯಲ್ಲಿ ಪ್ರತಿ ಬ್ಯಾರೆಲ್ ಅಳೆದು ಹೊಡೆಯುತ್ತಿದ್ದರು. 8,82, 8,83 ತೀರ ಸಾಮಾನ್ಯ. ಹೊಸಬರು ಎಡವುವ ಕಲ್ಲು ಇದು, ಆದರೆ ವ್ಯಾಪಾರಿ ಹೊಸಬನಾಗಿರಲಿಲ್ಲ. ಅವಸರ ಅಂತ ಇಟ್ಟುಕೊಳ್ಳೋಣ.

ಕಸುಬಿನ ಚಪಲ, ಪರೀಕ್ಷಿಸದೆ ಇರಲಾಗಲಿಲ್ಲ. ಕೆಲಸದ ಜಾಗದಿಂದ ನನ್ನ ಸ್ವಂತದ ಪಿನ್ ಗೇಜ್ ಸೆಟ್, ಅಂದರೆ ನಿಖರ ದಪ್ಪದ ಅಳತೆಕಡ್ಡಿಗಳನ್ನು, ತಂದಿದ್ದೆ. 8.83 ಮಿ.ಮೀ. ಪಿನ್ ಎಣ್ಣೆಯಲ್ಲಿ ತನ್ನ ತೂಕಕ್ಕೇ ಇಳಿದು ಹೋಯಿತು. 8.84 ಬಾಯಿಗೇ ನಿಂತಿತು. ಬ್ಯಾರೆಲ್ ಹೆಚ್ಚು ಗುಂಡು ಕಂಡಿಲ್ಲ ಅಂತ ಇದರಿಂದ ಗೊತ್ತಾಯಿತು, ಅದು ಮುಂದೆ ಉಪಯೋಗಕ್ಕೆ ಬರುವ ಮಾತು.

ಎರಡನೆಯ ಕಾರಣ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಂಕೆಗಳ ಅಚ್ಚು ಬೇರೆಯೇ ಇತ್ತು, ಅದರಲ್ಲಿ ಅವನು ಹೇಳಿದ್ದು ಸರಿ. ಫ್ರೇಮಿನ ಮೇಲಿನ 7ರ ಕಾಲು ನೆಟ್ಟಗೆ ಇಳಿದಿದೆ. ಬ್ಯಾರೆಲ್ಲಿನ 7ಕ್ಕೆ ತುಸು ಬಾಗು. 4ರ ತಲೆ ಒಂದರಲ್ಲಿ ಮುಚ್ಚಿದ್ದರೆ ಇನ್ನೊಂದರಲ್ಲಿ ಬಾಯಿಬಿಟ್ಟಿದೆ. ಇಷ್ಟು ನೋಡಿ 'ನಕಲಿ' ಅನ್ನುವುದು ಸಹಜ. ಆದರೆ ಶಾಸನ ಓದುವವರನ್ನು ನೆನೆಸಿಕೊಳ್ಳಿ. ಒಂದೇ ಕಲ್ಲಿನಲ್ಲಿ ಎರಡು ಬಗೆಯ ಅಕ್ಷರ ಕಂಡರೆ ಅವರು ಮೊದಲು ಕೇಳುವುದು ಕೂಟಶಾಸನವೇ, ಅಂದರೆ ನಕಲಿಯೇ, ಅಂತಲ್ಲ, ಎರಡನೆಯದನ್ನು ಕೆತ್ತಿದ್ದು ಯಾವ ಕಾಲದಲ್ಲಿ ಅಂತ. ಅಕ್ಷರದ ಮೈಕಟ್ಟು ಕಾಲವನ್ನೂ ಊರನ್ನೂ ಹೇಳುತ್ತದೆ. ಪಂಚ್‌ಗಳೂ ಅಷ್ಟೇ. ಒಂದು ಕಾರ್ಖಾನೆಯ ಪಂಚ್ ಸೆಟ್ ಇನ್ನೊಂದರದ್ದರ ಹಾಗಿರುವುದಿಲ್ಲ.

ಇನ್ನೊಂದು ವಿಷಯ. ಬ್ಯಾರೆಲ್ಲಿನ ಅಂಕೆಗಳ ಗುಂಡಿಯ ತಳದಲ್ಲೂ ಮೇಲ್ಮೈಯದೇ ಗಾಢ ನೀಲಿ, ಅಂದರೆ ಉಕ್ಕಿಗೆ ತುಕ್ಕು ತಡೆಯಲು ಕಟ್ಟುವ ಬಣ್ಣ, ಇತ್ತು. ಅಂದರೆ ಮೊದಲು ಅಂಕೆ ಹೊಡೆದು ಆಮೇಲೆ ಬಣ್ಣ ಕಟ್ಟಿದ್ದಾರೆ. ನೀಲಿ ಕಟ್ಟಿದ ಬ್ಯಾರೆಲ್ಲಿಗೆ ತಡವಾಗಿ ನಂಬರ್ ಹೊಡೆದಿದ್ದರೆ ತಳದಲ್ಲಿ ಬಿಳಿ ಲೋಹ ಕಾಣುತ್ತಿತ್ತು, ಅಂಚಿನಲ್ಲಿ ಲೋಹ ಉಬ್ಬಿ ಬಣ್ಣ ಒಡೆದಿರುತ್ತಿತ್ತು. ಮೋಸಗಾರ ಪೂರಾ ಮತ್ತೆ ಬಣ್ಣ ಕಟ್ಟಿಸಬಹುದು ನಿಜ. ಆಗ ರಿಸೀವರ್ ಮತ್ತು ಬ್ಯಾರೆಲ್ ಎರಡೂ ಒಂದೇ ಹೊಳಪಿಗೆ ಬರುತ್ತವೆ. ಇಲ್ಲಿ ಹಾಗಿರಲಿಲ್ಲ. ರಿಸೀವರಿನ ನೀಲಿ ಸವೆದು ಬೂದಿಯ ಕಡೆ ಹೊರಳಿತ್ತು, ಬ್ಯಾರೆಲ್ಲಿನದು ಒಂದು ಪಟ್ಟು ಗಟ್ಟಿ. ಎರಡೂ ಹಳೇ ತುಕ್ಕು-ನೀಲಿ ವಿಧಾನದ್ದೇ, ಮೌಸರ್ ಕಾರ್ಖಾನೆ 1937ರ ಹೊತ್ತಿಗೆ ಹಿಡಿದ ಬಿಸಿ ಉಪ್ಪಿನ ದ್ರಾವಣದ ಕಪ್ಪು ಮಿರುಗಿನದಲ್ಲ.

ಮೂರನೆಯದೇ ಕೀಲಿಕೈ. ರಿಸೀವರಿನ ಬಲಬದಿಯಲ್ಲಿ ಕಿರೀಟ ಹೊತ್ತ ಜರ್ಮನ್ ಅಕ್ಷರಗಳು, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಇವು ಕೈಸರ್ (ಜರ್ಮನ್ ಚಕ್ರವರ್ತಿ) ಕಾಲದ ಸೈನ್ಯದ ಇನ್‌ಸ್ಪೆಕ್ಟರ್‌ಗಳ ಒಪ್ಪಿಗೆ ಮತ್ತು ಒತ್ತಡ ಪರೀಕ್ಷೆಯ ಮುದ್ರೆ. 1917ಕ್ಕೆ ಇರಬೇಕಾದದ್ದೇ. ಬ್ಯಾರೆಲ್ ಮೇಲೆ ಕಿರೀಟವಿಲ್ಲ. ಇರುವುದು ಒಂದು ಪುಟ್ಟ, ಸರಳ ಹದ್ದು, ಅದರ ಕೆಳಗೆ 6. ವ್ಯಾಪಾರಿ ಇದನ್ನು ನೋಡಿ 'ಬೇರೆಯದು' ಅಂದ; ಓದಲಿಲ್ಲ.

ಹದ್ದಿನ ಕೆಳಗಿನ 6 ಜರ್ಮನಿಯ ಸೂಲ್ ಪಟ್ಟಣದ ಸಿಮ್ಸನ್ ಕಂಪನಿಯ ಕೆಲಸ ನೋಡುತ್ತಿದ್ದ ಇನ್‌ಸ್ಪೆಕ್ಟರಿನ ಗುರುತು, ಕೈಸರ್ ಹೋದ ಮೇಲೆ ಬಂದ ವೈಮಾರ್ ಗಣರಾಜ್ಯದ ಕಾಲದ್ದು.

ಸೂಲ್

ಮೊದಲ ಮಹಾಯುದ್ಧದಲ್ಲಿ ಸೋತು ವರ್ಸೈ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಜರ್ಮನಿಗೆ ಉಳಿದದ್ದು ಒಂದು ಲಕ್ಷ ಜನರ ಸೈನ್ಯ. 1920ರ ಆಗಸ್ಟ್‌ನಲ್ಲಿ ಜನರ ಕೈಯಲ್ಲಿದ್ದ ಯುದ್ಧದ ಆಯುಧಗಳನ್ನು ವಾಪಸು ಪಡೆಯುವ ಕಾನೂನು ಬಂತು. ಸರಕಾರದ್ದು ಯಾವುದು, ಯಾರೋ ಮನೆಗೆ ಹೊತ್ತೊಯ್ದದ್ದು ಯಾವುದು ಅಂತ ಗೊತ್ತಾಗಲೆಂದು ಸೈನ್ಯ ತನ್ನ ವಶದಲ್ಲಿದ್ದವಕ್ಕೆ 1920 ಅಂತ ಮುದ್ರೆ ಹೊಡೆಯಿತು. ಸಂಗ್ರಹಕಾರರು ಇಂಥವನ್ನು 'ಡಬಲ್ ಡೇಟ್' ಅನ್ನುತ್ತಾರೆ. ಆ ಮುದ್ರೆ ತಯಾರಿಯ ವರ್ಷವಲ್ಲ, ಸ್ವತ್ತಿನ ಗುರುತು.

ಸೈನ್ಯಕ್ಕೆ ಹೊಸ ಪಿ.08 ಮಾಡಿಕೊಡಲು ಮಿತ್ರರಾಷ್ಟ್ರಗಳು ಒಪ್ಪಿದ್ದು ಸಿಮ್ಸನ್‌ಗೆ ಮಾತ್ರ. 1920ರ ದಶಕದ ನಡುವಿನಿಂದ 1930ರ ದಶಕದ ಮೊದಲ ವರ್ಷಗಳ ತನಕ ಅವರು ಹೊಸದನ್ನು ಮಾಡಿದ್ದಕ್ಕಿಂತ, ಹಳೆಯದನ್ನು ರಿಪೇರಿ ಮಾಡಿದ್ದರಲ್ಲೇ ಅವರ ಗುರುತು ನನಗೆ ಹೆಚ್ಚು ಸಿಕ್ಕಿದೆ. 1856ರಲ್ಲಿ ಶುರುವಾದ ಯಹೂದಿ ಕುಟುಂಬದ ಕಂಪನಿ ಅದು. ನಾಜಿಗಳು 1930ರ ದಶಕದ ಮಧ್ಯದಲ್ಲಿ ಅದನ್ನು ಕಿತ್ತುಕೊಂಡರು, ಕುಟುಂಬ ದೇಶ ಬಿಟ್ಟಿತು. ಹೆಸರು ಮಾತ್ರ ಉಳಿದು, ಯುದ್ಧವಾದ ಮೇಲೆ ಪೂರ್ವ ಜರ್ಮನಿಯ ಹಳ್ಳಿಹಳ್ಳಿಯಲ್ಲಿ ಓಡಿದ ಮೊಪೆಡ್‌ಗಳ ಮೇಲೆ ಬಂತು. ಜರ್ಮನಿಯಲ್ಲಿರುವ ನಮ್ಮವರು ಈಗಲೂ ರಸ್ತೆಯಲ್ಲಿ ಸಿಮ್ಸನ್ ಶ್ವಾಲ್ಬೆ ನೋಡಿರುತ್ತಾರೆ, ಅದೇ ಸಿಮ್ಸನ್.

ಇಲ್ಲೊಂದು ಎಚ್ಚರ ಬೇಕು. ಮುದ್ರೆಯ ಕಾಲ, ಬ್ಯಾರೆಲ್ ಕೂರಿಸಿದ ಕಾಲ ಎರಡೂ ಒಂದೇ ಅಲ್ಲ. ಯುದ್ಧಕಾಲದಲ್ಲಿ ಮಾಡಿಟ್ಟ, ಕಿರೀಟದ ಮುದ್ರೆ ಬಿದ್ದ ಬಿಡಿ ಬ್ಯಾರೆಲ್‌ಗಳು ಉಗ್ರಾಣದಲ್ಲಿದ್ದು ಎಷ್ಟೋ ವರ್ಷದ ಮೇಲೆ ಬಳಕೆಗೆ ಬಂದದ್ದುಂಟು. ಕಿರೀಟವಿದ್ದ ಮಾತ್ರಕ್ಕೆ 1918ರ ಒಳಗೇ ಕೂರಿಸಿದ್ದು ಅನ್ನುವಂತಿಲ್ಲ. ಇದರ ತಿರುವುಮುರುವು ಮಾತ್ರ ಗಟ್ಟಿ. ಗಣರಾಜ್ಯದ ಇನ್‌ಸ್ಪೆಕ್ಟರ್ ಒಪ್ಪಿದ ಬ್ಯಾರೆಲ್ಲು, ಕೈಸರ್ ಪಟ್ಟ ಬಿಟ್ಟ 1918ರ ನವೆಂಬರ್ 9ಕ್ಕೆ ಮೊದಲು ಯಾವ ಪಿಸ್ತೂಲಿನಲ್ಲೂ ಇರಲು ಸಾಧ್ಯವಿಲ್ಲ.

ಬೇರೆ ಸಾಧ್ಯತೆಗಳನ್ನೂ ತಳ್ಳಿಹಾಕಬೇಕಿತ್ತು. ಪೂರ್ವ ಜರ್ಮನಿಯ ಪೊಲೀಸರಿಗಾಗಿ ಯುದ್ಧದ ನಂತರ ರಿಪೇರಿಯಾದ ಲೂಗರ್‌ಗಳಿಗೂ ಹೊಸ ಬ್ಯಾರೆಲ್ ಬಿದ್ದಿವೆ. ಅವುಗಳ ಮೇಲೆ ಸೂರ್ಯನ ಕಿರಣದಂಥ ಮುದ್ರೆ ಇರುತ್ತದೆ. ಇಲ್ಲಿಲ್ಲ. ಸೋವಿಯತ್ ಸೈನ್ಯ ವಶಪಡಿಸಿಕೊಂಡವಕ್ಕೆ ಹೊಡೆದ ಎಕ್ಸ್ ಗುರುತಿಲ್ಲ. ಖಾಸಗಿ ಮಾರಾಟದ ಬ್ಯಾರೆಲ್ ಆಗಿದ್ದರೆ ಕಿರೀಟದ ಕೆಳಗೆ ಎನ್ ಅಕ್ಷರ ಇರಬೇಕಿತ್ತು, 1940ರ ಏಪ್ರಿಲ್ ನಂತರದ್ದಾದರೆ ಹದ್ದಿನ ಕೆಳಗೆ ಎನ್. ಅದೂ ಇಲ್ಲ. ಅಮೆರಿಕದಲ್ಲೇ ಈಚೆಗೆ ಮಾಡಿದ ಬದಲಿ ಬ್ಯಾರೆಲ್‌ಗಳಿಗೆ 8,83ರ ರಗಳೆಯೇ ಇರುವುದಿಲ್ಲ.

ಇಷ್ಟಾದ ಮೇಲೆ ರಿಸೀವರನ್ನು ತಲೆಕೆಳಗು ಮಾಡಿ ಉಳಿಗೆರೆ ನೋಡಿದೆ. ರಿಸೀವರಿನ ಅಂಚಿನಲ್ಲಿ ಎರಡು ಅರ್ಧಗೆರೆ. ಒಂದು ಬ್ಯಾರೆಲ್ಲಿನ ಗೆರೆಯೊಡನೆ ನೂಲು ಹಿಡಿದಂತೆ ಕೂಡುತ್ತದೆ. ಅಗಲ, ಓರೆ ಎಲ್ಲ ಒಂದೇ. ಅದರಿಂದ ಸ್ವಲ್ಪ ದೂರದಲ್ಲಿ ಇನ್ನೊಂದು, ಹೆಚ್ಚು ಸವೆದದ್ದು, ಆಚೆ ಕಡೆ ಜೊತೆಗಾರನಿಲ್ಲದೆ ಒಂಟಿಯಾಗಿ ನಿಂತದ್ದು. ಮೊದಲ ಬ್ಯಾರೆಲ್ಲಿನ ನೆನಪು ಅಷ್ಟೇ ಉಳಿದಿತ್ತು.

ಅಂದರೆ ವ್ಯಾಪಾರಿ ಹೇಳಿದ್ದು ಸರಿ, ಬ್ಯಾರೆಲ್ ಬದಲಾಗಿದೆ. ಅವನ ತಪ್ಪು ಅದರ ಮುಂದಿನ ಹೆಜ್ಜೆಯಲ್ಲಿ. ನಂಬರ್ ಹೊಂದಿಸಿದ್ದು ಕೊಳ್ಳುವವನ ಕಣ್ಣಿಗೆ ಮಣ್ಣೆರಚಲು ಅಲ್ಲ. ಸೈನ್ಯದ ರಿಪೇರಿಯಲ್ಲಿ ಹೊಸ ಬ್ಯಾರೆಲ್ಲಿಗೆ ಪಿಸ್ತೂಲಿನ ನಂಬರ್ ಹೊಡೆಯುವುದು ರೂಢಿ. ಹೊಡೆದದ್ದು ಬೇರೆ ಊರಿನಲ್ಲಿ, ಬೇರೆ ಪಂಚ್‌ನಿಂದ. ಅಚ್ಚು ಬೇರೆಯಾಗದೆ ಇನ್ನೇನಾದೀತು. ಮೋಸ ಮಾಡುವವನಾಗಿದ್ದರೆ ಫ್ರೇಮಿನ 7 ಹೇಗಿದೆಯೋ ಹಾಗೇ ಹೊಡೆಯಲು ಹೆಣಗುತ್ತಿದ್ದ.

ಅರದಿಂದ ಉಜ್ಜಿದ್ದಾರೆ ಅಂದುಕೊಂಡ ತಗ್ಗು

ಇಷ್ಟಕ್ಕೇ ವರದಿ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಟಿಪ್ಪಣಿಯ ಮೊದಲ ಪುಟದಲ್ಲೇ ಒಂದು ಸಾಲು ಇತ್ತು: 'ರಿಸೀವರಿನ ಮುಂದಂಚಿನ ನೆತ್ತಿಯಲ್ಲಿ ಆಳವಿಲ್ಲದ ತಗ್ಗು, ಯಾರೋ ಅರದಿಂದ ಉಜ್ಜಿರಬೇಕು.' ಹಾಗೆ ಬರೆದವನು ನಾನೇ. ಅದು ನನ್ನ ಅವಸರ. ಎರಡನೆಯ ಸಲ ಭೂತಗನ್ನಡಿ ಹಿಡಿದಾಗ ಕಂಡದ್ದು ಅರದ ಗೀರಲ್ಲ, ಮಿಲ್ಲಿಂಗ್ ಕಟರ್ (ಲೋಹ ಕೊರೆಯುವ ಯಂತ್ರದ ಚಕ್ರ) ಹಾಯ್ದ ಸಮನಾದ, ಸಾಲಾದ ಜಾಡು. ಕೈಯಿಂದ ಅಷ್ಟು ಒಪ್ಪವಾಗಿ ಬರುವುದಿಲ್ಲ. ತಗ್ಗಿನೊಳಗಿನ ನೀಲಿಯೂ ರಿಸೀವರಿನದೇ ಹಳೇ ನೀಲಿ.

ಇದು ಏನೆಂದು ಗೊತ್ತಾದದ್ದು ಪರಿಚಯದ ಸಂಗ್ರಹಕಾರರೊಬ್ಬರ ಮನೆಯಲ್ಲಿ. ಅವರ ಬಳಿ ಒಂದು ಲಾಂಗೆ ಪಿಸ್ಟೋಲೆ 08 ಇತ್ತು. 1913ರಲ್ಲಿ ಸೈನ್ಯ ಒಪ್ಪಿದ ಉದ್ದ ಲೂಗರ್. ಫಿರಂಗಿ ದಳದವರಿಗೆ ಕೊಟ್ಟಿದ್ದರಿಂದ 'ಆರ್ಟಿಲರಿ ಲೂಗರ್' ಅಂತ ಹೆಸರು. ಬ್ಯಾರೆಲ್ 200 ಮಿ.ಮೀ., ಮಾಮೂಲಿ ಪಿ.08ರ ಎರಡರಷ್ಟು. ಬ್ಯಾರೆಲ್ಲಿನ ಬುಡದಲ್ಲಿ, ರಿಸೀವರಿಗೆ ತಾಗಿಕೊಂಡೇ, ಬಂದೂಕಿಗಿರುವಂಥ ಮೇಲೇಳುವ ಹಿಂಬದಿ ಸೈಟ್, ಅಂದರೆ ಗುರಿ ನೋಡುವ ಪಟ್ಟಿ. 800 ಮೀಟರಿನವರೆಗೆ ಗುರುತು ಕೊರೆದದ್ದು. ಪಿಸ್ತೂಲಿನಿಂದ 800 ಮೀಟರಿಗೆ ಗುರಿ ಇಡುವುದು ಆಸೆಯ ಮಾತು, ಅದಿರಲಿ. ಆ ಸೈಟಿಗೆ ಜಾಗ ಬೇಕಲ್ಲ. ರಿಸೀವರಿನ ಮುಂದಂಚಿನಲ್ಲಿ ಕಾರ್ಖಾನೆಯಲ್ಲೇ ಒಂದು ತಗ್ಗು ಮಿಲ್ಲಿಂಗ್ ಮಾಡಿದ್ದರು.

ಎರಡೂ ರಿಸೀವರುಗಳನ್ನು ಒಂದೇ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟೆವು. ಅದೇ ತಗ್ಗು, ಅದೇ ಜಾಗ, ಅದೇ ಅಗಲ.

ಮೇಷ್ಟರಮ್ಮನ ಪಿಸ್ತೂಲು ಹುಟ್ಟುವಾಗ ಉದ್ದ ಬ್ಯಾರೆಲ್ಲಿನದು. ಸೂಲ್‌ನಲ್ಲಿ ಅದನ್ನು ತೆಗೆದು ಗಿಡ್ಡ ಬ್ಯಾರೆಲ್ ಹಾಕಿ ಮಾಮೂಲಿ ಪಿ.08 ಮಾಡಿದ್ದಾರೆ. ಯುದ್ಧ ಮುಗಿದ ಮೇಲಿನ ಚಿಕ್ಕ ಸೈನ್ಯಕ್ಕೂ ಪೊಲೀಸರಿಗೂ ಸೊಂಟದ ಚೀಲದಲ್ಲಿ ಕೂರುವ ಪಿಸ್ತೂಲು ಬೇಕಿತ್ತು, ಉದ್ದದ್ದಲ್ಲ. ಹೀಗೆ ಗಿಡ್ಡಗೊಳಿಸಿದ ಆರ್ಟಿಲರಿಗಳು ಬೇಕಾದಷ್ಟಿವೆ. 1920ರ ಮುದ್ರೆ ಇಕ್ಕಟ್ಟಿನಲ್ಲಿ ಕೂತದ್ದೂ ಆಗ ಅರ್ಥವಾಯಿತು. ತಗ್ಗು ನೆತ್ತಿಯ ಒಂದಿಷ್ಟು ಜಾಗ ತಿಂದಿತ್ತು.

ಹಿಡಿಯ ಹಿಂಭಾಗದಲ್ಲಿ ಭುಜಕ್ಕೆ ಒತ್ತಿಕೊಳ್ಳುವ ಮರದ ಹಿಂಗಟ್ಟೆ ಸಿಕ್ಕಿಸುವ ಉಬ್ಬು ಇದ್ದದ್ದನ್ನು ನಾನು ಮೊದಲೇ ನೋಡಿದ್ದೆ. ಆದರೆ ಅದು ಆರ್ಟಿಲರಿಗೆ ಸಾಕ್ಷಿಯಲ್ಲ. 1913ರ ಹೊತ್ತಿನಿಂದ ಮಾಮೂಲಿ ಪಿ.08ಗೂ ಆ ಉಬ್ಬು ಬಂದಿತ್ತು. ಫ್ರೇಮ್ ನೋಡಿ ಮೋಸ ಹೋಗುವವರು ತುಂಬಾ ಜನ.

ಇದರ ಉಲ್ಟಾ ವ್ಯವಹಾರ ಮಾರುಕಟ್ಟೆಯಲ್ಲಿ ಜೋರಾಗಿದೆ, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಆರ್ಟಿಲರಿ ಲೂಗರಿಗೆ ಬೆಲೆ ಹೆಚ್ಚು. ಹಾಗಾಗಿ ಸಾದಾ ಪಿ.08ರ ಗಿಡ್ಡ ಬ್ಯಾರೆಲ್ ತೆಗೆದು, ಈಚೆಗೆ ಮಾಡಿದ 200 ಮಿ.ಮೀ. ಬ್ಯಾರೆಲ್ ಹಾಕಿ, ಸೈಟ್ ಕೂರಿಸಿ ಮಾರುತ್ತಾರೆ. ನಾನು ಕೈಗೆ ತೆಗೆದುಕೊಂಡವುಗಳಲ್ಲಿ ಎರಡು ಅಂಥವೇ. ಮೊದಲು ನೋಡಬೇಕಾದದ್ದು ರಿಸೀವರಿನ ತಗ್ಗು. ಅದಿಲ್ಲದೆ ಸೈಟ್ ಇದ್ದರೆ ಬ್ಯಾರೆಲ್ ಅಲ್ಲಿಯದಲ್ಲ. ತಗ್ಗನ್ನೂ ಹೊಸದಾಗಿ ಮಿಲ್ಲಿಂಗ್ ಮಾಡಿದ್ದರೆ ಹಳೇ ಮುದ್ರೆಗಳ ಪಕ್ಕದಲ್ಲಿ ಹೊಸ ಬಣ್ಣ ಕಾಣುತ್ತದೆ. ಸೈಟಿನ ಪಟ್ಟಿಯ ಮೇಲೂ ಪಿಸ್ತೂಲಿನ ನಂಬರಿನ ಕೊನೆಯ ಎರಡು ಅಂಕೆ ಇರಬೇಕು. ಇನ್ನು ಎರ್‌ಫುರ್ಟ್‌ನ ಸರಕಾರಿ ಕಾರ್ಖಾನೆಯದು ಅಂತ ಕಿರೀಟದ ಲಾಂಛನ ತೋರಿಸಿದರೆ ಇಸವಿ ನೋಡಿ. ಅಲ್ಲಿಯ ಆರ್ಟಿಲರಿಗಳ ಮೇಲಿರುವುದು 1914 ಒಂದೇ. 'ಎರ್‌ಫುರ್ಟ್ 1916, ಉದ್ದ ಬ್ಯಾರೆಲ್' ಅಂದವನಿಗೆ ನಮಸ್ಕಾರ ಹೇಳಿ ಹೊರಡಿ.

ಮೇಷ್ಟರಮ್ಮನ ಮೊಮ್ಮಗನಿಗೂ ಈ ದಾರಿ ಹೊಳೆಯಿತು. "ಮೊದಲು ಉದ್ದದ್ದೇ ಇತ್ತಲ್ಲ, ಈಗ ಉದ್ದದ್ದು ಹಾಕಿಸಿದರೆ ಮೂಲಕ್ಕೇ ತಂದ ಹಾಗಾಯಿತಲ್ಲವೆ?" ಅಂದ. ತಗ್ಗು ಅಸಲಿ, ಇಸವಿ ಅಸಲಿ, ಬ್ಯಾರೆಲ್ ಒಂದು ಹೊಸದು; ಹತ್ತು ಜನರಲ್ಲಿ ಒಂಬತ್ತು ಜನ ಹಿಡಿಯಲಾರರು. ಅದಕ್ಕೇ ಬೇಡ ಅಂದೆ. ಈಗಿರುವ ಬ್ಯಾರೆಲ್ ಆ ರಿಸೀವರಿನಲ್ಲಿ ಕಳೆದಷ್ಟು ಕಾಲವನ್ನು ಮೊದಲನೆಯದು ಕಳೆದಿಲ್ಲ. ಅದನ್ನು ತಿರುಚಿ ತೆಗೆದರೆ ಉಳಿಗೆರೆ ಹೋಗುತ್ತದೆ, ಹದ್ದು-6 ಹೋಗುತ್ತದೆ, ಬದಲಿಗೆ ಬರುವುದು ಯಾವ ಇನ್‌ಸ್ಪೆಕ್ಟರೂ ನೋಡದ ಕೊಳವೆ.

ತಾತನ ಕತೆ

ಎಲ್ಲಕ್ಕಿಂತ ಕಷ್ಟವಾದದ್ದು ಇದು. ನಾನು ಅಳತೆಗಳನ್ನಷ್ಟೇ ಬರೆದುಕೊಟ್ಟು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆಕೆ ಮೇಷ್ಟರಮ್ಮ. ಇಸವಿಗಳನ್ನು ಓದಿ, ಬೆರಳು ಮಡಿಚಿ, ಅವರೇ ಕೇಳಿದರು: "1920ರಲ್ಲಿ ಜರ್ಮನಿಯಲ್ಲಿತ್ತು ಅಂದರೆ, 1918ರಲ್ಲಿ ನಮ್ಮ ತಾತ ಇದನ್ನು ಹೇಗೆ ತಂದರು?"

ತಂದಿಲ್ಲ. ತರಲು ಸಾಧ್ಯವಿಲ್ಲ. 1920ರ ಮುದ್ರೆ ಹೊಡೆಯುವಾಗ ಪಿಸ್ತೂಲು ಜರ್ಮನ್ ಸರಕಾರದ ವಶದಲ್ಲಿತ್ತು, ಸೂಲ್‌ನಲ್ಲಿ ಬ್ಯಾರೆಲ್ ಬದಲಾದದ್ದು ಅದಕ್ಕೂ ಆಮೇಲೆ. ತಾತ 1919ರಲ್ಲೇ ಊರಿಗೆ ಮರಳಿದ್ದವರು.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗಿಯೇ ಚಿಕ್ಕಪ್ಪನ ಮಾತು ತೆಗೆದರು. ತಾತನ ಕಿರಿಯ ಮಗ, ಎರಡನೆಯ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿ 1945ರಲ್ಲಿ ಜರ್ಮನಿಯಲ್ಲಿದ್ದವರು. ಹೆಚ್ಚು ಮಾತಿಲ್ಲದ ಮನುಷ್ಯ, ಮದುವೆಯಾಗಲಿಲ್ಲ, ತೀರಿಕೊಂಡ ಮೇಲೆ ಅವರ ಟ್ರಂಕು ಈ ಮನೆಗೆ ಬಂತು. ಅವರು ಕಳಿಸಿದ ಒಂದು ಕಾಗದದಲ್ಲಿ ತುರಿಂಗಿಯ ಪ್ರಾಂತ್ಯದ ಹೆಸರಿದೆ.

ಸೂಲ್ ಇರುವುದು ತುರಿಂಗಿಯದಲ್ಲೇ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಅದನ್ನು ಹಿಡಿಯಿತು, ಜುಲೈನಲ್ಲಿ ಸೋವಿಯತ್ತರಿಗೆ ಬಿಟ್ಟುಕೊಟ್ಟಿತು. ಇದನ್ನು ಹೇಳಿದೊಡನೆ ಮೊಮ್ಮಗನ ಕಣ್ಣು ಅರಳಿತು, ಹೊಸ ಕತೆ ಅಲ್ಲೇ ಹುಟ್ಟಲು ಸಿದ್ಧವಾಯಿತು: ಕಾರ್ಖಾನೆಯ ಬಾಗಿಲಲ್ಲೇ ಚಿಕ್ಕತಾತ ಎತ್ತಿಕೊಂಡ ಪಿಸ್ತೂಲು! ನಾನು ತಡೆದೆ. ಬ್ಯಾರೆಲ್ ಹಾಕಿದ ಊರಿಗೂ ಪಿಸ್ತೂಲು ಸಿಕ್ಕಿದ ಊರಿಗೂ ಸಂಬಂಧ ಇರಬೇಕಿಲ್ಲ. ರಿಪೇರಿಯಾದ ಪಿಸ್ತೂಲು ದಳಕ್ಕೆ ವಾಪಸು ಹೋಗಿ ಎಲ್ಲೆಲ್ಲೋ ಸುತ್ತಿರುತ್ತದೆ. ಪೊಲೀಸರ ಕೈ ಸೇರಿತ್ತೇ ಅಂತಲೂ ನೋಡಿದ್ದೆ. 1930ರ ದಶಕದ ಮೊದಲ ಭಾಗದಲ್ಲಿ ಪೊಲೀಸ್ ಲೂಗರ್‌ಗಳ ಎಡಬದಿಗೆ, ಪಕ್ಕದ ತಟ್ಟೆ ಬಿಚ್ಚಿದಾಗ ಆಕಸ್ಮಿಕವಾಗಿ ಗುಂಡು ಹಾರದಂತೆ ಒಂದು ಉಕ್ಕಿನ ಪಟ್ಟಿ ಸೇರಿಸಿದ್ದರು. ಇದರಲ್ಲಿ ಆ ಪಟ್ಟಿಯೂ ಇಲ್ಲ, ಅದನ್ನು ಕೂರಿಸಿದ್ದ ರಿವೆಟ್ಟಿನ ತೂತೂ ಇಲ್ಲ. ಹಿಡಿಯ ಮೇಲೆ ಯಾವ ದಳದ ಗುರುತೂ ಇಲ್ಲ. ಆ ಯುದ್ಧದಲ್ಲಿ ಇಂಥ ವಸ್ತು ಮನೆಗೆ ತರಲು ಮೇಲಧಿಕಾರಿ ಸಹಿ ಮಾಡಿದ ಚೀಟಿ ಬೇಕಿತ್ತು; ಟ್ರಂಕಿನಲ್ಲಿ ಎರಡು ಸಂಜೆ ಹುಡುಕಿದರೂ ಅದು ಸಿಗಲಿಲ್ಲ.

ವರದಿ ಅರ್ಧ ಪುಟಕ್ಕೆ ಮುಗಿಯಿತು. ಬರ್ಲಿನ್ನಿನಲ್ಲಿ 1917ರಲ್ಲಿ 200 ಮಿ.ಮೀ. ಬ್ಯಾರೆಲ್ಲಿನೊಂದಿಗೆ ತಯಾರು, 1920ರಲ್ಲಿ ಜರ್ಮನ್ ಸೈನ್ಯದ ಸ್ವತ್ತಾಗಿ ಮುದ್ರೆ, ವೈಮಾರ್ ಕಾಲದಲ್ಲಿ ಸಿಮ್ಸನ್ ಇನ್‌ಸ್ಪೆಕ್ಟರ್ ಒಪ್ಪಿದ ಗಿಡ್ಡ ಬ್ಯಾರೆಲ್, ಸೈನ್ಯದ ರೂಢಿಯಂತೆ ನಂಬರ್, ಆಮೇಲೆ ಬ್ಯಾರೆಲ್ ಅಲುಗಿಲ್ಲ, ಹೆಚ್ಚು ಬಳಕೆಯೂ ಇಲ್ಲ. 1918ರಲ್ಲಿ ಅಮೆರಿಕಕ್ಕೆ ಬಂದದ್ದಲ್ಲ. ಇದನ್ನು ವ್ಯಾಪಾರಿಗೂ ಕಳಿಸಿದೆವು. ಅವನು ಬೆಲೆ ಏರಿಸಿ ಕಾಗದ ಬರೆದ, 883ರ ಬಗ್ಗೆ ಚಕಾರ ಎತ್ತಲಿಲ್ಲ. ಆಕೆ ಕೊಡಲಿಲ್ಲ.

ಮುಂದಿನ ವಾರ ಹೋದಾಗ ಗಾಜಿನ ಪೆಟ್ಟಿಗೆ ಜಾಗ ಬದಲಿಸಿತ್ತು. ತಾತನ ಫೋಟೋದ ಕೆಳಗಿನಿಂದ ತೆಗೆದು, ಟೋಪಿ ಓರೆ ಮಾಡಿಕೊಂಡ ತೆಳ್ಳಗಿನ ಹುಡುಗನೊಬ್ಬನ ಫೋಟೋದ ಕೆಳಗೆ ಇಟ್ಟಿದ್ದರು. ಪಕ್ಕದ ಚೀಟಿಯಲ್ಲಿ ಪೆನ್ಸಿಲಿನಲ್ಲಿ '1945?' ಅಂತ, ಪ್ರಶ್ನಾರ್ಥಕ ಚಿಹ್ನೆಯನ್ನು ಇಸವಿಗಿಂತ ದೊಡ್ಡದಾಗಿ ಬರೆದಿದ್ದರು.

ಆ ಭಾನುವಾರ ಬೆಂಗಳೂರಿಗೆ ಫೋನ್ ಮಾಡಿ ಅಪ್ಪನಿಗೆ ಇಡೀ ಕತೆ ಹೇಳಿದೆ. ವರ್ಸೈ, ಸೂಲ್, ತಾತ, ಚಿಕ್ಕಪ್ಪ ಎಲ್ಲ ಹೂಂಗುಟ್ಟುತ್ತ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"8.84 ಹೋಗಲಿಲ್ಲ ತಾನೆ?"

"ಇಲ್ಲಪ್ಪ, ಬಾಯಿಗೇ ನಿಂತಿತು."

"ಹ್ಞಾ" ಅಂದರು. ಅಷ್ಟು ವರ್ಷ ಹಿಂದೆ ಪಂಚ್ ಹೊಡೆದವನ ಪರವಾಗಿ ಸಂತೋಷಪಟ್ಟ ಹಾಗಿತ್ತು.